ಟಿಸಿ ಪುಸ್ತಕದಿಂದಲೇ ಶುರು ಮಾಡಿ

ಪ್ರಶ್ನೆ: ಚಾಮರಾಜಪೇಟೆಯ ಅನುದಾನಿತ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಶಿಕ್ಷಕಿ. ವಯಸ್ಸು 30. ನನ್ನ ಹುದ್ದೆಗೆ ಅನುದಾನವಿಲ್ಲ, ಆಡಳಿತ ಮಂಡಳಿಯವರು ಕೊಟ್ಟಷ್ಟು ಸಂಬಳ. ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಶಿಕ್ಷಣ ನೀತಿ ಓದಿ ಆ ಕ್ಷೇತ್ರದಲ್ಲೇ ದುಡಿಯುವ ಆಸೆ ನನಗೆ. ಟಿಇಟಿ ಪಾಸಾಗಿದ್ದೀಯ, ಸರ್ಕಾರಿ ನೇಮಕಾತಿಗೆ ಕಾಯಿ ಎಂದು ಅಪ್ಪನ ಹಟ. ನನ್ನ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಖಂಡಿತ ಓದಿ. ರಾಜೀನಾಮೆ ಮಾತ್ರ ಈಗಲೇ ಬೇಡ. ಈ ಕೆಲಸಕ್ಕೆ ಬೇಕಾದ ಮೊದಲ ಸಾಮಗ್ರಿ ನಿಮ್ಮ ಶಾಲೆಯ ಬೀರುವಿನಲ್ಲೇ ಇದೆ.

ಶಾಲೆ, ಮಕ್ಕಳ ಲೆಕ್ಕ ಇಡುವ ಸ್ಯಾಟ್ಸ್‌ಗೆ, ಯುಡೈಸ್‌ಗೆ ನೀವು ಪ್ರತಿ ವರ್ಷ ಮಾಹಿತಿ ತುಂಬುತ್ತೀರಿ. ಅಂಥ ಅಂಕಿಗಳನ್ನು ಕೂಡಿಸಿ ಕಳೆದು, ಯಾವ ಆದೇಶದಿಂದ ಯಾವ ಮಕ್ಕಳಿಗೆ ಏನಾಯಿತು ಎಂದು ಹೇಳುವವರೇ ನೀತಿ ವಿಶ್ಲೇಷಕರು. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 12(1)(ಸಿ) ನೋಡಿ. ಖಾಸಗಿ ಶಾಲೆಗಳು ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಬಿಡಬೇಕಿತ್ತು. ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲ ಎಂದು ಕರ್ನಾಟಕ 2019-20ನೇ ಸಾಲಿನಿಂದ ನಿಯಮ ಬದಲಿಸಿತು. ಹಾಗಾದರೆ ಆ ಮಕ್ಕಳು ನಿಮ್ಮಲ್ಲಿಗೆ ಬಂದರೇ? ಅಥವಾ ಅಪ್ಪ ಅಮ್ಮ ಸಾಲ ಮಾಡಿ ಇಂಗ್ಲಿಷ್ ಮಾಧ್ಯಮಕ್ಕೇ ಸೇರಿಸಿದರೇ? ದಾಖಲಾತಿ ರಿಜಿಸ್ಟರ್, ಟಿಸಿ ಪುಸ್ತಕ ಎರಡನ್ನೂ ಎದುರಿಗಿಟ್ಟುಕೊಂಡರೆ ಅರ್ಧ ಉತ್ತರ ಸಿಗುತ್ತದೆ. ಟಿಸಿಯಲ್ಲಿ ‘ಪೋಷಕರ ಕೋರಿಕೆ ಮೇರೆಗೆ’ ಎಂದಷ್ಟೇ ಬರೆದಿರುತ್ತದೆ. ಬಾಡಿಗೆ ಏರಿತೆಂದು ಮನೆ ಖಾಲಿ ಮಾಡಿದರೋ, ತಂಗಿಯನ್ನು ಸೇರಿಸಿದ ಶಾಲೆಗೇ ಅಣ್ಣನನ್ನೂ ಕರೆದೊಯ್ದರೋ, ಅದು ಎದುರಿಗೆ ಕೂತು ಮಾತಾಡಿಸಿದ ನಿಮಗೆ ಗೊತ್ತು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಮಕ್ಕಳ ಹೆಸರು ಬಿಟ್ಟು, 2018ರಿಂದ ಈಚಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಹಾಕಿ ನಾಲ್ಕು ಪುಟ ಬರೆಯಿರಿ. ಸಂದರ್ಶನಕ್ಕೆ ಹೋದಾಗ ಹೇಳಲು ನಿಮ್ಮದೇ ಆದ ವಿಷಯವೊಂದಿರುತ್ತದೆ.

ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಸಾರ್ವಜನಿಕ ನೀತಿಯ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶಿಕ್ಷಣ ಎಂ.ಎ. ನಿಮಗೆ ಹೆಚ್ಚು ಒಗ್ಗೀತು ಎಂದು ನನಗನಿಸುತ್ತದೆ. ಅಲ್ಲಿ ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ.

ಇಂಗ್ಲಿಷ್ ಕಲಿಯಲೇಬೇಕು, ಹೆಚ್ಚಿನ ವರದಿಗಳು ಅದರಲ್ಲೇ ಇರುತ್ತವೆ. ಬಸವನಗುಡಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಗ್ರಂಥಾಲಯ ನಿಮಗೆ ಹತ್ತಿರ. 1945ರಲ್ಲಿ ಡಿ.ವಿ.ಜಿ. ಕಟ್ಟಿದ ಸಂಸ್ಥೆಯದು, ಬಿಡುವಿದ್ದಾಗ ಹೋಗಿ ಕೂತು ಓದಿ. ಆದರೆ ಇಲಾಖೆಯ ಸುತ್ತೋಲೆ, ಎಸ್‌ಡಿಎಂಸಿ ಸಭೆಯ ಚರ್ಚೆ, ಗೇಟಿನ ಬಳಿ ತಾಯಂದಿರು ಆಡುವ ಮಾತು ಎಲ್ಲ ಕನ್ನಡದ್ದು. ಇದನ್ನು ಬಲ್ಲವರು ಈ ಕ್ಷೇತ್ರಕ್ಕೆ ತುಂಬಾ ಬೇಕು, ಆ ಬಗ್ಗೆ ಹಿಂಜರಿಕೆ ಬೇಡ.

ತಂದೆಯವರ ಆತಂಕದಲ್ಲಿ ಹುರುಳಿದೆ. ಬಹುಪಾಲು ಕೆಲಸ ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆಗಳಲ್ಲಿ. ಅದೂ ಯೋಜನೆ ಇರುವಷ್ಟು ದಿನ, ಗುತ್ತಿಗೆಯ ಮೇಲೆ. ಕಷ್ಟಪಟ್ಟು ಬರೆದ ವರದಿ ಫೈಲಿನಲ್ಲೇ ಉಳಿಯುವುದೂ ಉಂಟು, ಅದು ನೋಯಿಸುತ್ತದೆ. ಆದರೆ 2021ರಿಂದ ಟಿಇಟಿ ಪ್ರಮಾಣಪತ್ರಕ್ಕೆ ಆಜೀವ ಮಾನ್ಯತೆ ಇದೆ. ಎರಡು ವರ್ಷ ಓದಿದರೆ ಅದೇನೂ ಕೈತಪ್ಪುವುದಿಲ್ಲ. ನೇಮಕಾತಿಯ ವಯೋಮಿತಿಗೆ ನಿಮ್ಮ ಪ್ರವರ್ಗದಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಎಂದು ನೋಡಿಕೊಂಡು ಅಪ್ಪನ ಹತ್ತಿರ ಕೂತು ಮಾತಾಡಿ. ಪ್ರವೇಶಕ್ಕೆ ಈ ಸಲವೇ ಅರ್ಜಿ ಹಾಕಿ. ಸೀಟು, ಶುಲ್ಕದ ನೆರವು ಎರಡೂ ಖಚಿತವಾದ ಮೇಲೆ ರಾಜೀನಾಮೆ ಕೊಡಿ.