ಬಿಲ್ಲಿನ ಬಿಗಿ, ಬಿಲ್ಲಾಳಿನ ಬಲ: ಬೇಟೆಬಿಲ್ಲಿನ ಆಯ್ಕೆ ಮತ್ತು ಕಾವ್ಯದ ಓದು

ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಸ್ಥಳೀಯ ನಂಬಿಕೆಯು ಮಹಾಭಾರತದ ಏಕಚಕ್ರಪುರವೆಂದು ಗುರುತಿಸುತ್ತದೆ. ಅಲ್ಲಿನ ಭೀಮಲಿಂಗೇಶ್ವರ ಗುಡಿಯೂ ಬಕಾಸುರನ ಕಥೆ ಹೊತ್ತ ಬೆಟ್ಟವೂ ನೆನಪಿಸುವುದು ಭೀಮನ ತೋಳ್ಬಲವನ್ನು. ಕಥಾಕ್ರಮದಲ್ಲಿ ಪಾಂಡವರು ಏಕಚಕ್ರದಿಂದ ಹೊರಟು ದ್ರುಪದನ ಪಟ್ಟಣವನ್ನು ಸೇರುತ್ತಾರೆ. ಅಲ್ಲಿ ಪರೀಕ್ಷೆಗೊಳಗಾಗುವುದು ಬಿಲ್ಲನ್ನು ಬಾಗಿಸುವ ಬಲ. ಇವೆರಡರ ಭೇದವನ್ನು ಮರೆತಾಗ, ಸ್ವಯಂವರದ ಬಿಲ್ಲು ಎತ್ತಲಾಗದಷ್ಟು ಭಾರವಾಗಿತ್ತೆಂಬ ವಿವರಣೆ ಪಾಠದಲ್ಲಿ ನುಸುಳುವುದುಂಟು.

ಅಂಥ ಭಾರ ಸಲ್ಲುವುದು ರಾಮಾಯಣದ ಶಿವಧನುಸ್ಸಿಗೆ. ವಾಲ್ಮೀಕಿಯಲ್ಲಿ ಎಂಟು ಗಾಲಿಗಳ ಪೆಟ್ಟಿಗೆಯಲ್ಲಿಟ್ಟ ಅದನ್ನು 5000 ಜನ ಎಳೆದು ತರುತ್ತಾರೆ. ವ್ಯಾಸಭಾರತದ ಆದಿಪರ್ವದಲ್ಲಿಯಾದರೋ ಬಾಗಿಸಲು ಹೊರಟ ಅರಸರನ್ನು ಬಿಲ್ಲೇ ಚಿಮ್ಮಿ ನೆಲಕ್ಕೆ ಕೆಡಹುತ್ತದೆ. ಬಿಗಿಯಾದ ಬಿಲ್ಲಿಗೆ ಹೆದೆಯೇರಿಸುವಾಗ ಹಿಡಿತ ತಪ್ಪಿದರೆ ಆಗುವುದು ಇದೇ. ಇಂದಿನ ಬಿಲ್ವಿದ್ಯೆ ಪೌಂಡ್‌ಗಳಲ್ಲಿ ಅಳೆಯುವುದು ಬಿಲ್ಲಿನ ತೂಕವನ್ನಲ್ಲ, ಹೆದೆಯನ್ನು ವಾಡಿಕೆಯಂತೆ 28 ಅಂಗುಲದವರೆಗೆ ಸೆಳೆದಾಗ ಬೇಕಾಗುವ ಬಲವನ್ನು. ಸೆಳೆತ ಹೆಚ್ಚಿದಷ್ಟೂ ಬಲ ಏರುತ್ತದೆ. ಆದ್ದರಿಂದ ಕಾವ್ಯಗಳಲ್ಲಿ ಬರುವ, ಹೆದೆಯನ್ನು ಕಿವಿಯವರೆಗೆ ಸೆಳೆಯುವ ವರ್ಣನೆಯನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವುದು ಸರಿಯಲ್ಲ. ತೋಳು ಗಿಡ್ಡವಾದವನ ಕೈಯಲ್ಲಿ ಅದೇ ಬಿಲ್ಲು ಮೆದುವಾಗುತ್ತದೆ, ಬಾಣಕ್ಕೂ ಕಡಿಮೆ ವೇಗ ಕೊಡುತ್ತದೆ.

ಬೇಟೆಗಾರನ ಕಷ್ಟ ಇಬ್ಬಗೆಯದು. ಬಿಲ್ಲು ಮೆದುವಾದರೆ ಬಾಣ ಆಳಕ್ಕಿಳಿಯದೆ, ಗಾಯಗೊಂಡ ಮಿಗ ಪೊದೆ ಸೇರಿ ನರಳಿ ಸಾಯುತ್ತದೆ. ಬಿಗಿ ಮಿತಿಮೀರಿದರೆ ಕೈ ನಡುಗಿ, ಗುರಿ ನಿಲ್ಲುವ ಮೊದಲೇ ಬಾಣ ಬಿಡಬೇಕಾಗುತ್ತದೆ. ಮರೆಯಲ್ಲಿ ಬಹುಹೊತ್ತು ಕುಳಿತು ಮೈ ಜಡಗಟ್ಟಿದವನಿಗೆ ಈ ಎರಡನೆಯ ತೊಡಕು ಇನ್ನೂ ಹೆಚ್ಚು. ವಸಿಷ್ಠ ಧನುರ್ವೇದದ ವಿಧಿ ಇಲ್ಲಿಯೇ ಮುಖ್ಯವೆನಿಸುತ್ತದೆ: ಬಿಲ್ಲು ಬಿಲ್ಲಾಳಿನ ಬಲವನ್ನು ಮೀರಬಾರದು, ಬಿಲ್ಲಿನಿಂದಲೇ ಪೀಡಿತನಾದವನಿಗೆ ಗುರಿ ಕಾಣದು. ನಿಧಾನವಾಗಿ ಸೆಳೆದು, ಕೆಲಕಾಲ ಅಲುಗದೆ ಹಿಡಿದು, ಬಾಣ ಬಿಡದೆಯೇ ಹೆದೆಯನ್ನು ಮರಳಿಸಬಲ್ಲ ಬಿಲ್ಲುಗಳಲ್ಲಿ ಹೆಚ್ಚು ಬಿಗಿಯಾದುದನ್ನು ಆರಿಸುವುದು ಉಚಿತ. 1916ರಲ್ಲಿ ತೀರಿಕೊಂಡ ಕ್ಯಾಲಿಫೋರ್ನಿಯಾದ ಯಾಹಿ ಬೇಟೆಗಾರ ಇಶಿಯ ಬಿಲ್ಲಿನ ಸೆಳೆತ ಸುಮಾರು 45 ಪೌಂಡ್ ಮಾತ್ರ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಯುದ್ಧಬಿಲ್ಲುಗಳದು 100 ಪೌಂಡನ್ನೂ ಮೀರಿತ್ತೆಂಬ ಅಂದಾಜಿದೆ. ಕವಚವನ್ನು ದೂರದಿಂದ ಎದುರಿಸುವ ಬಿಲ್ಲಿಗೂ ಜಿಂಕೆಯನ್ನು ಹತ್ತಿರದಿಂದ ಕಾಯುವ ಬಿಲ್ಲಿಗೂ ಇರುವ ಅಂತರವಿದು. (1972ರ ವನ್ಯಜೀವಿ ಕಾಯಿದೆಯ ತರುವಾಯ ನಮ್ಮಲ್ಲಿ ಈ ಜ್ಞಾನದ ಉಪಯೋಗ ಗ್ರಂಥಪಠನಕ್ಕೇ ಹೆಚ್ಚು.)

ಈ ಹಿನ್ನೆಲೆಯಲ್ಲಿ ಸ್ವಯಂವರವನ್ನು ಮತ್ತೆ ಓದಿದರೆ ಒಂದು ಸಣ್ಣ ವಿವರ ಎದ್ದು ಕಾಣುತ್ತದೆ. ಆದಿಪರ್ವದ ಅರ್ಜುನ ಕಣ್ಣೆವೆಯಿಕ್ಕುವಷ್ಟರಲ್ಲಿ ಹೆದೆಯೇರಿಸಿ ಐದು ಬಾಣಗಳನ್ನು ಕೈಗೆತ್ತಿಕೊಳ್ಳುತ್ತಾನೆ. ಉಳಿದವರ ಬಲವೆಲ್ಲ ಬಿಲ್ಲಿಗೇ ವ್ಯಯವಾಗಿತ್ತು. ಇವನಲ್ಲಿ ಗುರಿಗೆಂದು ಇನ್ನೂ ಉಳಿದಿತ್ತು.