ಚರ್ಮದ ಕಸಿಯೂ ಅದರ ಲೆಕ್ಕವೂ

ಕಲಾವಿಭಾಗದ ವಿದ್ಯಾರ್ಥಿಗೆ ಶಸ್ತ್ರಚಿಕಿತ್ಸೆಯ ಗೊಡವೆ ಏಕೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣವಿದೆ. ನಾನು ಚಿಕ್ಕವನಾಗಿದ್ದಾಗ ನನ್ನ ತಾಯಿಯ ಕಾಲಿನ ಮೇಲೆ ಕುದಿಯುವ ಎಸರು ಬಿದ್ದು, ತೊಡೆಯ ಚರ್ಮವನ್ನು ತೆಗೆದು ಗಾಯಕ್ಕೆ ಹಾಕಬೇಕಾಯಿತು. ಆಸ್ಪತ್ರೆಯವರು ಕೊಟ್ಟ ಕಾಗದಕ್ಕೆ ಅಕ್ಷರ ಬಾರದ ನನ್ನ ತಂದೆ ಹೆಬ್ಬೆಟ್ಟು ಒತ್ತಿದರು. ಯಾವುದಕ್ಕೆ ಎಷ್ಟು ಹಣವೆಂದು ಓದಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಈಚೆಗೆ, ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳಿಗೆ ಸಂಕೇತ ಬರೆಯುವ ನಮ್ಮೂರಿನ ಪದವೀಧರರೊಬ್ಬರು ತಮ್ಮ ಕೆಲಸದ ರೀತಿಯನ್ನು ನನಗೆ ವಿವರಿಸಿದರು. ಅದರಿಂದ ನಾನು ತಿಳಿದುಕೊಂಡುದನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇನೆ.

ಮೊದಲು ಕಸಿ ಎಂದರೇನು? ರೋಗಿಯ ದೇಹದ ಒಂದೆಡೆಯಿಂದ ಚರ್ಮವನ್ನು ಪೂರ್ತಿಯಾಗಿ ಬೇರ್ಪಡಿಸಿ, ಇನ್ನೊಂದೆಡೆಯ ಗಾಯದ ಮೇಲೆ ನೆಲೆಗೊಳಿಸುವುದು. ಮೇಲ್ಪದರದೊಡನೆ ಒಳಪದರದ ಒಂದಂಶವನ್ನು ಮಾತ್ರ ತೆಗೆದರೆ ಅದು ಅರೆದಪ್ಪದ ಕಸಿ. ಎರಡು ಪದರಗಳನ್ನೂ ಪೂರ್ತಿ ತೆಗೆದರೆ ಪೂರ್ಣದಪ್ಪದ ಕಸಿ. ರಕ್ತದ ಹರಿವನ್ನು ಕಡಿಯದೆ ಪಕ್ಕದ ಚರ್ಮವನ್ನೇ ತಿರುಗಿಸಿ ಹೊಲಿದರೆ ಅದು ಕಸಿಯಲ್ಲ, ಫ್ಲಾಪ್. ಅದರ ಸಂಕೇತಗಳೇ ಬೇರೆ.

ಅಮೆರಿಕದಲ್ಲಿ ವೈದ್ಯರು ಮಾಡಿದ ಕೆಲಸಕ್ಕೆ ಸಿ.ಪಿ.ಟಿ. ಎಂಬ ಸಂಕೇತಕೋಶವನ್ನು ಬಳಸುತ್ತಾರೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದನ್ನು 1966ರಲ್ಲಿ ಮೊದಲು ಪ್ರಕಟಿಸಿತು. ರೋಗಕ್ಕೆ ಮತ್ತೊಂದು ಸಂಕೇತವುಂಟು. ಬಲತೊಡೆಯ ಮೂರನೆಯ ದರ್ಜೆಯ ಸುಟ್ಟಗಾಯಕ್ಕೆ ಟಿ24.311 ಎಂದು ಬರೆದು, ಮೊದಲ ಹಂತದ ಚಿಕಿತ್ಸೆಯಾದರೆ ಕೊನೆಗೆ 'ಎ' ಅಕ್ಷರವನ್ನು ಸೇರಿಸುತ್ತಾರೆ. ಮಾಡಿದ ಕೆಲಸಕ್ಕೂ ರೋಗಕ್ಕೂ ಹೊಂದಿಕೆಯಿಲ್ಲದಿದ್ದರೆ ವಿಮೆಯವರು ಹಣ ಕೊಡಲು ಒಪ್ಪುವುದಿಲ್ಲ.

ಮುಂಡ, ತೋಳು, ಕಾಲುಗಳ ಮೇಲಿನ ಅರೆದಪ್ಪದ ಕಸಿಗೆ ಮೊದಲ 100 ಚದರ ಸೆಂಟಿಮೀಟರಿನವರೆಗೆ 15100 ಎಂಬುದು ಸಂಕೇತ. ಅನಂತರದ ಪ್ರತಿ 100ಕ್ಕೆ, ಅಥವಾ ಅದರ ಭಾಗಕ್ಕೆ, 15101. ಮುಖ, ಕುತ್ತಿಗೆ, ಕೈ, ಪಾದ ಮುಂತಾದ ಸೂಕ್ಷ್ಮ ಸ್ಥಳಗಳಿಗಾದರೆ 15120 ಮತ್ತು 15121. ಹತ್ತು ವರ್ಷಕ್ಕಿಂತ ಕಿರಿಯ ಮಕ್ಕಳಲ್ಲಿ ಸೆಂಟಿಮೀಟರಿಗೆ ಬದಲಾಗಿ ದೇಹದ ಮೇಲ್ಮೈಯ ಶೇಕಡಾ ಒಂದನ್ನು ಅಳತೆಯಾಗಿ ಹಿಡಿಯುತ್ತಾರೆ. ಕೂಸಿನ ಅಂಗೈಯಗಲದ ಗಾಯವೂ ಕೂಸಿಗೆ ದೊಡ್ಡದೇ ಅಲ್ಲವೇ?

ಒಂದು ಲೆಕ್ಕವನ್ನು ನೋಡೋಣ. ವಯಸ್ಕನೊಬ್ಬನ ತೊಡೆಯಲ್ಲಿ 15 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಗಾಯವಿದೆ, ಮುಂದೋಳಿನಲ್ಲಿ 10 ಮತ್ತು 8 ಸೆಂ.ಮೀ.ಗಳ ಇನ್ನೊಂದಿದೆ. 180 ಮತ್ತು 80 ಸೇರಿ 260 ಚದರ ಸೆಂಟಿಮೀಟರ್. ಎರಡೂ ಒಂದೇ ಗುಂಪಿನ ಸ್ಥಳಗಳಾದುದರಿಂದ ಕೂಡಬಹುದು. ಆಗ 15100 ಒಂದು ಸಲ, 15101 ಎರಡು ಸಲ. ಅಂಗೈಯ ಮೇಲೂ ಗಾಯವಿದ್ದರೆ ಅದನ್ನು ಈ ಮೊತ್ತಕ್ಕೆ ಸೇರಿಸದೆ 15120ರ ಕೆಳಗೆ ಬರೆಯಬೇಕು.

ಹೊಸಬರು ಎಡವುವುದು ಇಲ್ಲಿಯೇ. ಅಳೆಯಬೇಕಾದುದು ಚರ್ಮವನ್ನು ಪಡೆದ ಗಾಯವನ್ನು, ಚರ್ಮ ಕೊಟ್ಟ ಜಾಗವನ್ನಲ್ಲ. ಕಸಿಗೆ ಮುನ್ನ ಸುಟ್ಟ ಅಂಗಾಂಶವನ್ನು ಕತ್ತರಿಸಿ ನೆಲೆ ಸಿದ್ಧಪಡಿಸಿದ್ದರೆ ಅದಕ್ಕೂ 15002ರಿಂದ ಮೊದಲಾಗುವ ಸಂಕೇತಗಳಿವೆ. ಆದರೆ ವೈದ್ಯರ ಟಿಪ್ಪಣಿಯಲ್ಲಿ ಅದು ಕಾಣಬೇಕು. ಕಾಣದಿದ್ದರೆ ಸಂಕೇತಕಾರನು ವೈದ್ಯರನ್ನು ಕೇಳಬೇಕೇ ಹೊರತು ಊಹಿಸಿ ಬರೆಯಲಾಗದು. ಕಡಿಮೆ ಬರೆದರೆ ದುಡಿದವರಿಗೆ ಅನ್ಯಾಯ. ಹೆಚ್ಚು ಬರೆದರೆ ವಂಚನೆ. ಸರ್ಕಾರಕ್ಕೆ ಸುಳ್ಳು ಬೇಡಿಕೆ ಸಲ್ಲಿಸುವವರನ್ನು ದಂಡಿಸಲು ಆ ದೇಶದಲ್ಲಿ 1863ರಿಂದಲೇ ಕಾನೂನುಂಟು.

ನಮ್ಮಲ್ಲಿ ಪದ್ಧತಿ ಬೇರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಚಿಕಿತ್ಸೆಗಳಿಗೆ ಪ್ಯಾಕೇಜ್ ದರಗಳನ್ನು ಗೊತ್ತುಮಾಡಿದ್ದಾರೆ. ಪದ್ಧತಿ ಯಾವುದಾದರೂ, ಸರಿಯಾದ ಅಳತೆ ಮತ್ತು ಸ್ಪಷ್ಟ ಬರವಣಿಗೆ ಇಲ್ಲದೆ ನ್ಯಾಯವಾದ ಲೆಕ್ಕ ಹುಟ್ಟಲಾರದು.

ಕಳೆದ ರಜೆಯಲ್ಲಿ ಟ್ರಂಕಿನಿಂದ ತಾಯಿಯ ಆ ಹಳೆಯ ಬಿಲ್ಲನ್ನು ತೆಗೆದು ಓದಿದೆನು. 'ಶಸ್ತ್ರಚಿಕಿತ್ಸೆ' ಎಂಬ ಒಂದು ಮಾತು, ಎದುರಿಗೆ ಒಂದು ಮೊತ್ತ, ಕೆಳಗೆ ತಂದೆಯ ಹೆಬ್ಬೆಟ್ಟು. ಗಾಯ ಎಷ್ಟಗಲವಿತ್ತೆಂಬುದಾಗಲಿ, ಯಾವ ಕಸಿ ಮಾಡಿದರೆಂಬುದಾಗಲಿ ಅದರಲ್ಲಿಲ್ಲ. ಆ ಮೊತ್ತ ಹೆಚ್ಚೋ ಕಡಿಮೆಯೋ ಎಂದು ಹೇಳಲು ಈಗಲೂ ನನ್ನಿಂದಾಗದು. ಆದರೆ ಏನನ್ನು ಕೇಳಬೇಕಿತ್ತೆಂಬುದು ಈಗ ತಿಳಿದಿದೆ. ಓದು ಬಲ್ಲ ನಾವು ನೆರೆಮನೆಯವರ ಒಂದು ಬಿಲ್ಲನ್ನಾದರೂ ಓದಿ ಹೇಳಿದರೆ, ನಮ್ಮ ಪದವಿಗೆ ಅಷ್ಟರ ಮಟ್ಟಿಗೆ ಸಾರ್ಥಕತೆ ಬಂದೀತು.