ಪವರ್ ಗುಳಿಗಿ ಅಂತ ಯಾವುದೂ ಇಲ್ಲ: ಔಷಧ ಅಂಗಡಿಯಲ್ಲಿ ಕಲಿತ ಎಂಟು ಪಾಠಗಳು

“ಅಣ್ಣಾರ, ಸ್ವಲ್ಪ ಪವರ್ ಇರೋದು ಕೊಡ್ರಿ. ನಾಳಿ ನಾಟಿ ಐತಿ, ಮಲಗಿದ್ರ ನಡಿಯಂಗಿಲ್ಲ.”

ಗಂಗಾವತಿಯ ನನ್ನ ಔಷಧ ಅಂಗಡಿಯಲ್ಲಿ ಈ ಮಾತನ್ನು ಇಪ್ಪತ್ತಾರು ವರ್ಷದಿಂದ ಕೇಳುತ್ತಿದ್ದೇನೆ. ಹೇಮಗುಡ್ಡದ ರೈತರು, ಕಾಲುವೆ ದಂಡೆಯ ಕ್ಯಾಂಪುಗಳವರು, ರೈಸ್ ಮಿಲ್ಲಿನ ಹಮಾಲರು, ಎಲ್ಲರ ಬಾಯಲ್ಲೂ ಅದೇ ‘ಪವರ್’. ಡಿ.ಫಾರ್ಮಾ ಪುಸ್ತಕದಲ್ಲಿ ಓದಿದ್ದನ್ನು ಪರೀಕ್ಷೆ ಮುಗಿದ ದಿನವೇ ಮರೆತಿದ್ದ ನಾನೂ ದುಬಾರಿ ಗುಳಿಗೆಯೇ ಗಟ್ಟಿ ಗುಳಿಗೆ ಅಂದುಕೊಂಡಿದ್ದೆ. ತಿದ್ದಿದವರು ಗಿರಾಕಿಗಳು, ತಿದ್ದಿದ್ದು ನನ್ನ ತಪ್ಪುಗಳು. ಬ್ಯಾಕ್ಟೀರಿಯಾ ವಿರುದ್ಧದ ಔಷಧಗಳ ಬಗ್ಗೆ ಹಾಗೆ ಕಲಿತ ಎಂಟು ಪಾಠ ಇಲ್ಲಿವೆ.

1. ಹೆಸರಲ್ಲ, ಮನೆತನ ನೋಡಬೇಕು

ಅಂಗಡಿ ಹಾಕಿದ ಎರಡನೇ ವರ್ಷ. ಪರಿಚಯದ ಹಿರಿಯರೊಬ್ಬರು ಕೆಮ್ಮಿಗೆಂದು ಅಮಾಕ್ಸಿಸಿಲಿನ್ ಕೇಳಿದರು. ಚೀಟಿ ಕೇಳದೆ ಕೊಟ್ಟೆ. ಅರ್ಧ ತಾಸಿನಲ್ಲಿ ಮೈತುಂಬ ದದ್ದು, ಉಬ್ಬಸ. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು, ದೇವರ ದಯೆ, ಬದುಕಿದರು. ಮರುದಿನ ಅವರ ಮಗ ಬಂದು ಕೇಳಿದ: “ಅಪ್ಪಗ ಆಂಪಿಸಿಲಿನ್ ಆಗಿಬರಂಗಿಲ್ಲ ಅಂತ ಗೊತ್ತಿತ್ತ್ರಿ. ನೀವು ಕೊಟ್ಟಿದ್ದು ಬ್ಯಾರೆ ಅಲ್ಲೇನ್ರಿ?”

ಬೇರೆ ಅಲ್ಲ. ಎರಡೂ ಪೆನಿಸಿಲಿನ್ ಮನೆತನದವು.

ಅವತ್ತು ರಾತ್ರಿ ಕಪಾಟು ಖಾಲಿ ಮಾಡಿದೆ. ಬ್ರ್ಯಾಂಡ್ ಹೆಸರಿನ ಅಕ್ಷರಕ್ರಮದಲ್ಲಿ ಇಟ್ಟಿದ್ದವನ್ನು ಅವು ಬ್ಯಾಕ್ಟೀರಿಯಾವನ್ನು ಎಲ್ಲಿ ಹಿಡಿಯುತ್ತವೆ ಎಂಬುದರ ಮೇಲೆ ನಾಲ್ಕು ಖಾನೆಗೆ ಹಂಚಿದೆ: ಗೋಡೆ, ಪ್ರೋಟೀನ್, ಡಿಎನ್‌ಎ, ಫೋಲಿಕ್ ಆಮ್ಲ. 1981ರಲ್ಲಿ ಶುರುವಾದ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್‌ನದಿರಲಿ, ಖಾಸಗಿಯದಿರಲಿ, ಜನೌಷಧಿಯದಿರಲಿ, ಪೆಟ್ಟಿಗೆಯ ಬಣ್ಣ ಬೇರೆಯಾದರೂ ಒಳಗಿನ ಅಮಾಕ್ಸಿಸಿಲಿನ್ ಒಂದೇ. ಹಾಗಾಗಿ ದೊಡ್ಡಕ್ಷರದ ಬ್ರ್ಯಾಂಡ್ ಬಿಟ್ಟು, ಸಣ್ಣಕ್ಷರದ ಮೂಲ ಹೆಸರು ಓದುವುದನ್ನು ರೂಢಿ ಮಾಡಿಕೊಂಡೆ.

2. ಗೋಡೆ ಒಡೆಯುವುದಿಲ್ಲ, ಗೌಂಡಿಯ ಕೈ ಹಿಡಿಯುತ್ತದೆ

ಹೇಮಗುಡ್ಡದವರಿಗೆ ಮೊದಲನೇ ಖಾನೆ ವಿವರಿಸುವುದು ಸುಲಭ. ಊರ ಮೇಲೆ ಕೋಟೆಯೇ ಇದೆ. ಬ್ಯಾಕ್ಟೀರಿಯಾದ ಸುತ್ತಲೂ ಒಂದು ಗಟ್ಟಿ ಗೋಡೆ ಇರುತ್ತದೆ. ಒಳಗಿನ ಒತ್ತಡ ಎಷ್ಟೆಂದರೆ ಗೋಡೆ ಸಡಿಲಾದರೆ ಅದು ತಾನಾಗಿ ಒಡೆಯುತ್ತದೆ. ಪೆನಿಸಿಲಿನ್‌ಗಳು, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥ ಸೆಫಲೋಸ್ಪೊರಿನ್‌ಗಳು, ದೊಡ್ಡ ಆಸ್ಪತ್ರೆಯ ಮೆರೊಪೆನೆಮ್, ವ್ಯಾಂಕೊಮೈಸಿನ್, ಎಲ್ಲವೂ ಈ ಖಾನೆಯವು. ಕಟ್ಟಿದ ಗೋಡೆಗೆ ಇವು ಗುದ್ದಲಿ ಹಾಕುವುದಿಲ್ಲ. ಹೊಸ ಕಲ್ಲು ಕೂಡಿಸುವ ಕೆಲಸವನ್ನು ನಿಲ್ಲಿಸುತ್ತವೆ. ಬ್ಯಾಕ್ಟೀರಿಯಾ ಬೆಳೆಯುತ್ತಿರುವಾಗಲೇ ಇವುಗಳ ಆಟ.

ನಮ್ಮ ಜೀವಕೋಶಕ್ಕೆ ಇಂಥ ಗೋಡೆಯೇ ಇಲ್ಲ. ಅಲರ್ಜಿ ಇಲ್ಲದವರಿಗೆ ಈ ಮನೆತನ ಬಹುಮಟ್ಟಿಗೆ ನಿರಪಾಯ ಎನ್ನುವುದಕ್ಕೆ ಅದೇ ಕಾರಣ. ಆದರೆ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೂ ಗೋಡೆ ಇಲ್ಲ. ಅದರಿಂದ ಬಂದ ಕೆಮ್ಮಿಗೆ ಎಷ್ಟು ದುಬಾರಿ ಸೆಫಲೋಸ್ಪೊರಿನ್ ನುಂಗಿದರೂ ಅಷ್ಟೇ. ಕೋಟೆಯೇ ಇಲ್ಲದ ಕಡೆ ಮುತ್ತಿಗೆ ಹಾಕಿ ಏನು ಬಂತು?

3. 625ರ ಲೆಕ್ಕ ಬಿಡಿಸಿ ನೋಡಿ

“500 ಬ್ಯಾಡ್ರಿ, 625 ಕೊಡ್ರಿ” ಎನ್ನುವವರು ವಾರಕ್ಕೆ ಹತ್ತು ಮಂದಿ. ಎರಡರಲ್ಲೂ ಅಮಾಕ್ಸಿಸಿಲಿನ್ ಇರುವುದು 500 ಮಿಲಿಗ್ರಾಂ. ಉಳಿದ 125 ಕ್ಲಾವುಲಾನಿಕ್ ಆಮ್ಲ. ಅದಕ್ಕೆ ತಾನಾಗಿ ಬ್ಯಾಕ್ಟೀರಿಯಾ ಕೊಲ್ಲುವ ಕಸುವು ಇಲ್ಲವೆಂದೇ ಹೇಳಬೇಕು. ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನ್ ಅನ್ನು ಕತ್ತರಿಸುವ ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವ ಬಿಡುತ್ತವೆ. ಆ ಕತ್ತರಿಗೆ ಸಿಕ್ಕಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುವುದಷ್ಟೇ ಕ್ಲಾವುಲಾನಿಕ್ ಆಮ್ಲದ ಕೆಲಸ. ಕತ್ತರಿ ಇಲ್ಲದ ಬ್ಯಾಕ್ಟೀರಿಯಾಕ್ಕೆ 625 ಕೊಟ್ಟರೆ ದಕ್ಕುವುದು ಹೆಚ್ಚಿನ ಬಿಲ್ಲು, ಜೊತೆಗೆ ಹೊಟ್ಟೆ ಕೆಡುವುದು.

4. ಸೂಜಿ ಅಂದರೆ ಪವರ್ ಅಲ್ಲ

ಎರಡನೇ ಖಾನೆಯವು ಪ್ರೋಟೀನ್ ತಯಾರಾಗುವ ರೈಬೋಸೋಮ್ ಎಂಬ ಯಂತ್ರಕ್ಕೆ ಕೈಯಿಡುತ್ತವೆ. ಬ್ಯಾಕ್ಟೀರಿಯಾದ ಈ ಯಂತ್ರಕ್ಕೆ ಎರಡು ಭಾಗ. ಸಣ್ಣ ಭಾಗವನ್ನು ಹಿಡಿಯುವವು ಜೆಂಟಾಮೈಸಿನ್, ಅಮಿಕಾಸಿನ್, ಡಾಕ್ಸಿಸೈಕ್ಲಿನ್. ದೊಡ್ಡ ಭಾಗವನ್ನು ಹಿಡಿಯುವವು ಅಜಿತ್ರೊಮೈಸಿನ್, ಕ್ಲಿಂಡಾಮೈಸಿನ್, ಲಿನೆಜೊಲಿಡ್. ನಮ್ಮ ಜೀವಕೋಶದ ಯಂತ್ರದ ಅಳತೆ ಬೇರೆ, ಆದ್ದರಿಂದ ಪೆಟ್ಟು ಬ್ಯಾಕ್ಟೀರಿಯಾಕ್ಕೇ ಹೆಚ್ಚು.

“ಗುಳಿಗಿ ಬ್ಯಾಡ, ಸೂಜಿ ಮಾಡಸ್ತೀನಿ” ಎನ್ನುವವರಿಗೆ ಜೆಂಟಾಮೈಸಿನ್ ಉದಾಹರಣೆ ಕೊಡುತ್ತೇನೆ. ಅದು ಸೂಜಿಯಲ್ಲಿ ಬರುವುದು ಪವರ್ ಇದೆ ಎಂದಲ್ಲ. ನುಂಗಿದರೆ ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ ಎಂದು. ಅಳತೆ ತಪ್ಪಿದರೆ ಮೂತ್ರಪಿಂಡ, ಕಿವಿ ಎರಡಕ್ಕೂ ಕುತ್ತು. ಅಜಿತ್ರೊಮೈಸಿನ್ ಮೂರೇ ದಿನಕ್ಕೆ ಮುಗಿಯುವುದೂ ಪವರ್‌ನಿಂದಲ್ಲ, ಅದು ಅಂಗಾಂಶಗಳಲ್ಲಿ ಬಹಳ ದಿನ ಉಳಿಯುತ್ತದೆ. ಡಾಕ್ಸಿಸೈಕ್ಲಿನ್ ಅನ್ನು ಹಾಲಿನ ಜೊತೆ ನುಂಗಿದರೆ ಹಾಲಿನ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಲೋಟ ನೀರು ಕುಡಿದು, ಅರ್ಧ ತಾಸು ಮಲಗದೆ ಇರಬೇಕು.

5. ಒಂದು ಡಿಎನ್‌ಎ ಕೆಡಿಸುತ್ತದೆ, ಒಂದು ಊಟ ತಪ್ಪಿಸುತ್ತದೆ

ಮೂರನೇ ಖಾನೆಯ ಸಿಪ್ರೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್‌ಗಳು ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯ ಹುರಿ ಬಿಚ್ಚಿ ಸುತ್ತುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಮೆಟ್ರೊನಿಡಜೋಲ್ ಡಿಎನ್‌ಎಯನ್ನೇ ಮುರಿಯುತ್ತದೆ, ಆದರೆ ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾ ಮತ್ತು ಅಮೀಬಾದಂಥವುಗಳದನ್ನು ಮಾತ್ರ. ಈ ಎರಡು ಬಗೆಯನ್ನೂ ಸೇರಿಸಿದ ಗುಳಿಗೆಯನ್ನು ಪ್ರತಿ ಭೇದಿಗೂ ಕೇಳುತ್ತಾರೆ. ಹೆಚ್ಚಿನ ಭೇದಿಗೆ ಬೇಕಾದದ್ದು ಓಆರ್‌ಎಸ್.

ನಾಲ್ಕನೇ ಖಾನೆ ಸಲ್ಫಾ ಔಷಧಗಳದು. ನಾವು ಫೋಲಿಕ್ ಆಮ್ಲವನ್ನು ಸೊಪ್ಪು, ಕಾಳಿನಿಂದ ಪಡೆಯುತ್ತೇವೆ. ಬಹಳಷ್ಟು ಬ್ಯಾಕ್ಟೀರಿಯಾಗಳು ತಾವೇ ತಯಾರಿಸಿಕೊಳ್ಳಬೇಕು. ಕೋಟ್ರೈಮಾಕ್ಸಜೋಲ್‌ನಲ್ಲಿರುವ ಸಲ್ಫಾ ಮತ್ತು ಟ್ರೈಮೆಥೊಪ್ರಿಮ್ ಆ ಅಡುಗೆಯನ್ನು ಎರಡು ಹಂತದಲ್ಲಿ ಕೆಡಿಸುತ್ತವೆ. ಹಳೆಯದು, ಅಗ್ಗದ್ದು. ಆದರೆ “ಸಲ್ಫಾ ಆಗಿಬರ್ತದೇನ್ರಿ?” ಎಂದು ಕೇಳದೆ ಕೊಡುವುದಿಲ್ಲ.

6. ಎರಡು ಸೇರಿದರೆ ದುಪ್ಪಟ್ಟಲ್ಲ

ಪೆನಿಸಿಲಿನ್, ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ಡಾಕ್ಸಿಸೈಕ್ಲಿನ್‌ನಂಥವು ಬೆಳೆಯದಂತೆ ತಡೆಯುತ್ತವೆ. ಉಳಿದ ಕೆಲಸ ನಮ್ಮ ರಕ್ತದ ಬಿಳಿ ಕಣಗಳದು. ತಡೆಯುವುದು ಕೀಳಲ್ಲ. ಆದರೆ ಬೆಳೆಯುವಾಗಲೇ ಕೊಲ್ಲುವ ಪೆನಿಸಿಲಿನ್ ಜೊತೆ ಬೆಳವಣಿಗೆ ನಿಲ್ಲಿಸುವ ಔಷಧ ಸೇರಿದರೆ ಒಂದರ ಕಾಲಿಗೆ ಇನ್ನೊಂದು ತೊಡರಬಹುದು. 1951ರಲ್ಲಿ ಅಮೆರಿಕದ ವೈದ್ಯರು ನ್ಯುಮೊಕಾಕಸ್‌ನಿಂದ ಮಿದುಳುಪೊರೆಗೆ ಸೋಂಕು ತಗುಲಿದವರಲ್ಲಿ ಇದನ್ನು ಕಂಡರು: ಪೆನಿಸಿಲಿನ್ ಒಂದನ್ನೇ ಪಡೆದವರಿಗಿಂತ, ಜೊತೆಗೆ ಟೆಟ್ರಾಸೈಕ್ಲಿನ್ ಗುಂಪಿನದನ್ನೂ ಪಡೆದವರಲ್ಲಿ ಸಾವು ಹೆಚ್ಚಿತ್ತು. ಜೋಡಿ ಮಾಡುವುದು ವೈದ್ಯರ ಕೆಲಸ. ಅಂಗಡಿಯವನದೂ ಅಲ್ಲ, ಪಕ್ಕದ ಮನೆಯವರದೂ ಅಲ್ಲ.

7. ಹಳೆಯದೇ ಮೊದಲು, ದುಬಾರಿಯದು ಕೊನೆಗೆ

1884ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ತೋರಿಸಿದ ಬಣ್ಣದ ಪರೀಕ್ಷೆ ಇಂದಿಗೂ ಪ್ರಯೋಗಾಲಯದ ಮೊದಲ ಹೆಜ್ಜೆ. ನೇರಳೆ ಬಣ್ಣ ಹಿಡಿದವು ಗ್ರಾಂ ಪಾಸಿಟಿವ್, ಗುಲಾಬಿಯಾದವು ಗ್ರಾಂ ನೆಗೆಟಿವ್. ನೆಗೆಟಿವ್‌ಗಳಿಗೆ ಗೋಡೆಯ ಹೊರಗೆ ಇನ್ನೊಂದು ಪೊರೆ ಇದೆ; ವ್ಯಾಂಕೊಮೈಸಿನ್‌ನಂಥ ದೊಡ್ಡ ಅಣು ಅದನ್ನು ದಾಟಲಾರದು. ಅಂದರೆ ಆಸ್ಪತ್ರೆಯ ದುಬಾರಿ ಔಷಧ ಕೂಡ ತಪ್ಪು ಬ್ಯಾಕ್ಟೀರಿಯಾದ ಮುಂದೆ ಬರೀ ನೀರು. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯುವ ಕಲ್ಚರ್ ಪರೀಕ್ಷೆಗೆ ಎರಡು ಮೂರು ದಿನ ಕಾಯಿಸಿದರೆ ವೈದ್ಯರ ಮೇಲೆ ಸಿಟ್ಟಾಗಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಈ ಔಷಧಗಳನ್ನು ಮೂರು ಗುಂಪು ಮಾಡಿತು: ಮೊದಲು ಬಳಸಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕೊನೆಗೆಂದು ಕಾದಿಡಬೇಕಾದವು. ಅಗ್ಗದ ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲ ಗುಂಪಿನಲ್ಲಿವೆ. ಜನ ಹೆಸರಿಟ್ಟು ಕೇಳುವ ಅಜಿತ್ರೊಮೈಸಿನ್, ಸೆಫಿಕ್ಸಿಮ್ ಎರಡನೆಯದರಲ್ಲಿ. ನಮ್ಮ ದೇಶದಲ್ಲೂ 2014ರ ಮಾರ್ಚ್ 1ರಿಂದ ಹಲವು ಆಂಟಿಬಯಾಟಿಕ್‌ಗಳು ಎಚ್1 ಪಟ್ಟಿಗೆ ಸೇರಿವೆ. ಅವನ್ನು ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಚೀಟಿ ಕೇಳಿದರೆ “ಗುರ್ತಿನ ಮಂದಿಗೂ ಹಿಂಗೇನ್ರಿ?” ಎಂದು ಮುನಿಸಿಕೊಳ್ಳುವವರಿದ್ದಾರೆ. ಗುರ್ತಿನವರಿಗೆ ಚೀಟಿ ಕೇಳದೆ ಕೊಟ್ಟಾಗ ಏನಾಯಿತೆಂದು ಮೊದಲ ಪಾಠದಲ್ಲೇ ಹೇಳಿದ್ದೇನೆ.

8. ಗದ್ದೆಯೂ ಇದೇ ಪಾಠ ಹೇಳುತ್ತದೆ

ನೆಗಡಿ, ಡೆಂಗಿ ವೈರಸ್‌ನಿಂದ ಬರುವಂಥವು. ವೈರಸ್‌ಗೆ ಗೋಡೆಯಿಲ್ಲ, ಸ್ವಂತ ರೈಬೋಸೋಮಿಲ್ಲ. ನನ್ನ ನಾಲ್ಕೂ ಖಾನೆಯಲ್ಲಿ ಅದಕ್ಕೆ ಮದ್ದಿಲ್ಲ. ಇದನ್ನು ಎಷ್ಟು ಹೇಳಿದರೂ ಒಪ್ಪದ ಹೇಮಗುಡ್ಡದ ರೈತರೊಬ್ಬರಿಗೆ ಭತ್ತದ ಮಾತು ತೆಗೆದೆ.

“ಯಜಮಾನ್ರ, ಗದ್ದಿಗೆ ಬೆಂಕಿ ರೋಗ ಬಂದ್ರ ಸ್ಟ್ರೆಪ್ಟೋಸೈಕ್ಲಿನ್ ಹೊಡಿತೀರೇನು?”

“ಏ, ಅದು ಬೂಷ್ಟಿನ ರೋಗರೀ. ದುಂಡಾಣು ಅಂಗಮಾರಿಗೆ ಮಾತ್ರ ಅದು ನಡೀತೈತಿ.”

“ಹಂಗಾರ ನೆಗಡಿಗೆ ಯಾಕ ಕೇಳ್ತೀರಿ?”

ನಕ್ಕುಬಿಟ್ಟರು. ಆದರೆ ಆ ಪುಡಿಯ ಪೊಟ್ಟಣದಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್, ಎರಡೂ ನನ್ನ ಎರಡನೇ ಖಾನೆಯವೇ ಎಂದಾಗ ನಗು ನಿಂತಿತು. 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೆ ದೊರೆತ ಮೊದಲ ಆಂಟಿಬಯಾಟಿಕ್. ಅದನ್ನು ಎಕರೆಗಟ್ಟಲೆ ಸಿಂಪಡಿಸಿದಾಗ ಮಣ್ಣು, ನೀರಿನಲ್ಲಿ ತಾಳಿಕೊಂಡು ಉಳಿಯುವ ಬ್ಯಾಕ್ಟೀರಿಯಾಗಳು ಆ ಗುಣವನ್ನು ಬೇರೆ ಜಾತಿಯವಕ್ಕೂ ದಾಟಿಸಬಲ್ಲವು. ಕೃಷಿಯಲ್ಲಿ ಈ ಮಿಶ್ರಣ ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ಕರಡು ಆದೇಶ ಹೊರಡಿಸಿದ್ದು ಈ ಭಯದಿಂದಲೇ.

ನನ್ನ ಕೋರಿಕೆ ಇಷ್ಟೇ. ಅಂಗಡಿಗೆ ಬರುವಾಗ ಚೀಟಿ ತನ್ನಿ, ಹಿಂದೆ ನುಂಗಿದ ಗುಳಿಗೆಯ ಖಾಲಿ ಸ್ಟ್ರಿಪ್ ತನ್ನಿ, ಮೈಗೆ ಆಗಿಬಾರದ ಔಷಧದ ಹೆಸರು ಬರೆದುಕೊಂಡು ಬನ್ನಿ. ವೈದ್ಯರು ಹೇಳಿದಷ್ಟು ದಿನ ನುಂಗಿ. ಒಂದು ದಿನ ಕಡಿಮೆಯೂ ಬೇಡ, ಉಳಿಸಿ ನೆರೆಯವರಿಗೆ ಹಂಚುವುದೂ ಬೇಡ. ಪವರ್ ಮಾತ್ರ ಕೇಳಬೇಡಿ, ಅದು ನನ್ನ ಯಾವ ಖಾನೆಯಲ್ಲೂ ಇಲ್ಲ.